ಎಲೆಯ ಲೆಕ್ಕವೋ, ಒಲೆಯ ಲೆಕ್ಕವೋ?

ಮದುವೆಯ ಊಟದ ಏರ್ಪಾಡನ್ನು ಎರಡು ವಿಧವಾಗಿ ಮಾಡುವುದುಂಟು. ಅಡಿಗೆಯ ಗುತ್ತಿಗೆದಾರನೊಡನೆ ಎಲೆಗೆ ಇಷ್ಟೆಂದು ಮಾತಾಡಿ, ಊಟವಾದ ಮೇಲೆ ಎಲೆಗಳನ್ನು ಎಣಿಸಿ ಹಣ ಕೊಡುವುದು ಒಂದು ವಿಧ. ಅಡಿಗೆಯವರನ್ನು ದಿನದ ಲೆಕ್ಕದಲ್ಲಿ ಗೊತ್ತುಮಾಡಿ, ಒಲೆ, ಕೊಪ್ಪರಿಗೆ, ಸೌದೆಗಳನ್ನು ತಾವೇ ಒದಗಿಸಿ, ಬಂದವರಿಗೆಲ್ಲ ಬಡಿಸುವುದು ಇನ್ನೊಂದು ವಿಧ. ಸಾಮಗ್ರಿಯ ವೆಚ್ಚವನ್ನು ಬದಿಗಿಟ್ಟು ನೋಡಿದರೆ, ಮೊದಲನೆಯದರಲ್ಲಿ ಉಣ್ಣುವವರ ಸಂಖ್ಯೆಗೆ ಬೆಲೆ. ಎರಡನೆಯದರಲ್ಲಿ ಬೇಯಿಸುವ ಶಕ್ತಿಗೆ ಬೆಲೆ. ನೆಂಟರಿಷ್ಟರು ನೂರು ಜನವಾದರೆ ಎಲೆಯ ಲೆಕ್ಕವೇ ಸುಖ. ಊರಿಗೆ ಊರೇ ಬರುವುದಾದರೆ ಒಲೆಯ ಲೆಕ್ಕವೇ ಲಾಭ. ಆದರೆ ಎರಡನೆಯ ವಿಧದಲ್ಲಿ ಒಂದು ಅಪಾಯವುಂಟು: ಎಲ್ಲರೂ ಮೊದಲನೆಯ ಪಂಕ್ತಿಗೇ ಬಂದು ಕುಳಿತರೆ ಒಲೆ ಸಾಲದು, ಬಡಿಸುವವರು ಕೈಚೆಲ್ಲಬೇಕಾಗುತ್ತದೆ.

ಇಂದಿನ ವ್ಯಾಪಾರ ಸಂಸ್ಥೆಗಳು ತಮ್ಮ ಲೆಕ್ಕಪತ್ರಗಳನ್ನು ವಿಶ್ಲೇಷಿಸುವ ಗಣಕ ತಂತ್ರಾಂಶಗಳನ್ನು ಕೊಳ್ಳುವಾಗ ಇದೇ ಪ್ರಶ್ನೆಯನ್ನು ಎದುರಿಸುತ್ತವೆ. ತಂತ್ರಾಂಶದ ಪರವಾನಗಿಯನ್ನು ಬಳಸುವವರ ತಲೆ ಎಣಿಸಿ ಕೊಳ್ಳಬೇಕೋ, ಅಥವಾ ಲೆಕ್ಕ ಮಾಡುವ ಯಂತ್ರದ ಸಾಮರ್ಥ್ಯವನ್ನು ಅಳೆದು ಕೊಳ್ಳಬೇಕೋ? ಇದು ಗುಮಾಸ್ತರು ಕೂಡಿ ಕಳೆದು ಮುಗಿಸಬಹುದಾದ ಸಣ್ಣ ಲೆಕ್ಕವೆಂದು ಮೇಲುನೋಟಕ್ಕೆ ತೋರಬಹುದು. ಆದರೆ ಈ ಆಯ್ಕೆಯಿಂದ ನಿರ್ಧಾರವಾಗುವುದು ಹಣವೊಂದೇ ಅಲ್ಲ. ಸಂಸ್ಥೆಯ ನಿಜಸ್ಥಿತಿಯನ್ನು ಯಾರು ನೋಡಬಹುದು, ಯಾರು ನೋಡಲಾರರು ಎಂಬುದೂ ಇದರಿಂದಲೇ ನಿರ್ಧಾರವಾಗುತ್ತದೆ. ಆದುದರಿಂದ ಇದರ ಒಳಹೊರಗನ್ನು ಸ್ವಲ್ಪ ವಿವರವಾಗಿ ನೋಡುವುದು ಉಚಿತ.

ತಂತ್ರಾಂಶಕ್ಕೆ ಬೆಲೆ ಬಂದ ಬಗೆ

ವಿಶ್ಲೇಷಣ ತಂತ್ರಾಂಶವೆಂದರೇನು? ಹಲವು ಊರುಗಳಲ್ಲಿ ಅಂಗಡಿಗಳನ್ನು ಹೊಂದಿರುವ ಬಟ್ಟೆಯ ವ್ಯಾಪಾರಿಯೊಬ್ಬನನ್ನು ಕಲ್ಪಿಸಿಕೊಳ್ಳೋಣ. ಪ್ರತಿಯೊಂದು ಅಂಗಡಿಯಲ್ಲಿಯೂ ದಿನದಿನದ ಮಾರಾಟ, ದಾಸ್ತಾನು, ಬಾಕಿ ಇವೆಲ್ಲ ಗಣಕದಲ್ಲಿ ದಾಖಲಾಗುತ್ತವೆ. ಲಕ್ಷಾಂತರ ಸಾಲುಗಳ ಈ ರಾಶಿಯನ್ನು ಒಂದೆಡೆ ಸೇರಿಸಿ, ಹೊಂದಿಸಿ, ಯಾವ ಊರಿನಲ್ಲಿ ಯಾವ ಸೀರೆ ಯಾವ ತಿಂಗಳಲ್ಲಿ ಹೆಚ್ಚು ಮಾರುತ್ತದೆಂಬುದನ್ನು ನಕ್ಷೆಗಳ ರೂಪದಲ್ಲಿ ತೋರಿಸುವ ಸಾಧನವೇ ವಿಶ್ಲೇಷಣ ತಂತ್ರಾಂಶ. ನೋಡುವವನು ಒಂದು ಊರಿನ ಹೆಸರನ್ನು ಒತ್ತಿದರೆ ಸಾಕು, ಯಂತ್ರವು ಆ ಕ್ಷಣವೇ ಹೊಸದಾಗಿ ಲೆಕ್ಕ ಹಾಕಿ ನಕ್ಷೆಯನ್ನು ಬದಲಿಸುತ್ತದೆ. ಮುದ್ರಿಸಿದ ವರದಿಗೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸವಿದು: ಇಲ್ಲಿ ಪ್ರತಿಯೊಂದು ನೋಟವೂ ಯಂತ್ರಕ್ಕೆ ಹಾಕಿದ ಒಂದು ಪ್ರಶ್ನೆ, ಪ್ರತಿಯೊಂದು ಪ್ರಶ್ನೆಗೂ ಒಂದಿಷ್ಟು ದುಡಿಮೆ.

ಒಂದು ಕಾಲದಲ್ಲಿ ತಂತ್ರಾಂಶಕ್ಕೆ ಪ್ರತ್ಯೇಕ ಬೆಲೆಯೇ ಇರಲಿಲ್ಲ. ಗಣಕವನ್ನು ಕೊಂಡವರಿಗೆ ಅಥವಾ ಬಾಡಿಗೆಗೆ ಪಡೆದವರಿಗೆ ಅದು ಯಂತ್ರದೊಂದಿಗೆ ಬರುವ ವಸ್ತುವಾಗಿತ್ತು. ೧೯೬೯ರ ಜೂನ್ ತಿಂಗಳಲ್ಲಿ ಅಮೆರಿಕದ ಐಬಿಎಂ ಸಂಸ್ಥೆಯು ಯಂತ್ರಕ್ಕೆ ಬೇರೆ, ತಂತ್ರಾಂಶಕ್ಕೆ ಮತ್ತು ಸೇವೆಗೆ ಬೇರೆ ದರಗಳನ್ನು ವಿಧಿಸುವುದಾಗಿ ಪ್ರಕಟಿಸಿತು. ಅಂದಿನಿಂದ ಒಂದು ವಿಚಿತ್ರ ಸಮಸ್ಯೆ ಹುಟ್ಟಿಕೊಂಡಿತು. ಬಟ್ಟೆಯನ್ನು ಗಜದಿಂದ, ಬೆಲ್ಲವನ್ನು ತೂಕದಿಂದ ಅಳೆಯಬಹುದು. ತಂತ್ರಾಂಶವನ್ನು ಯಾವುದರಿಂದ ಅಳೆಯುವುದು? ಅದನ್ನು ಒಬ್ಬನಿಗೆ ಕೊಟ್ಟರೂ ಸಾವಿರ ಜನಕ್ಕೆ ಕೊಟ್ಟರೂ ಮೂಲವು ಕಡಿಮೆಯಾಗುವುದಿಲ್ಲ. ಹೀಗಿರಲಾಗಿ ಮಾರುವವರು ಎರಡು ಅಳತೆಗೋಲುಗಳನ್ನು ಹಿಡಿದರು. ಒಂದು, ಬಳಸುವವರ ಸಂಖ್ಯೆ. ಇನ್ನೊಂದು, ಅದನ್ನು ನಡೆಸುವ ಯಂತ್ರದ ಬಲ.

ಈ ಎರಡನೆಯ ಅಳತೆಗೋಲು ನಿರಾಧಾರವಾದುದಲ್ಲ. ೧೮೯೨ರಲ್ಲಿ ಇಂಗ್ಲೆಂಡಿನ ಎಂಜಿನಿಯರ್ ಜಾನ್ ಹಾಪ್ಕಿನ್ಸನ್ ವಿದ್ಯುತ್ ಸರಬರಾಜಿನ ವೆಚ್ಚವನ್ನು ಕುರಿತು ಹೇಳುತ್ತ, ವಿದ್ಯುತ್ತನ್ನು ಉತ್ಪಾದಿಸುವುದಕ್ಕೆ ತಗಲುವ ಖರ್ಚಿಗಿಂತ, ಗ್ರಾಹಕನು ಕೇಳಿದೊಡನೆ ಕೊಡಲು ಸಿದ್ಧವಾಗಿ ನಿಂತಿರುವುದಕ್ಕೆ ತಗಲುವ ಖರ್ಚು ಎಷ್ಟು ಮುಖ್ಯವಾದುದೆಂಬುದನ್ನು ತೋರಿಸಿಕೊಟ್ಟರು. ನಮ್ಮ ಮನೆಗಳ ವಿದ್ಯುತ್ ಬಿಲ್ಲಿನಲ್ಲಿ ಉರಿಸಿದ ಯೂನಿಟ್ಟುಗಳ ಹಣವಲ್ಲದೆ, ಮಂಜೂರಾದ ಕಿಲೋವಾಟಿಗೆ ಇಷ್ಟೆಂದು ನಿಗದಿಯಾದ ಶುಲ್ಕವೂ ಇರುವುದು ಇದೇ ತತ್ತ್ವದ ಮೇಲೆ. ಸಾಮರ್ಥ್ಯದ ಪರವಾನಗಿಯೂ ಹೀಗೆಯೇ: ಸಿದ್ಧವಾಗಿ ನಿಂತಿರುವ ಪ್ರೊಸೆಸರುಗಳಿಗೆ ಮತ್ತು ನೆನಪಿನ ಕೋಶಗಳಿಗೆ ಕೊಡುವ ಬಾಡಿಗೆ.

ಒಂದು ನಿಜವಾದ ನಿದರ್ಶನ

ಮೈಕ್ರೋಸಾಫ್ಟ್ ಸಂಸ್ಥೆಯ ಪವರ್ ಬಿಐ ಎಂಬ ತಂತ್ರಾಂಶವನ್ನು ನಿದರ್ಶನವಾಗಿ ತೆಗೆದುಕೊಳ್ಳೋಣ. ಏಕೆಂದರೆ ಎರಡೂ ಬಗೆಯ ಪರವಾನಗಿಗಳು ಅದರಲ್ಲಿ ಅಕ್ಕಪಕ್ಕದಲ್ಲಿಯೇ ದೊರೆಯುತ್ತವೆ. ೨೦೧೫ರ ಜುಲೈಯಲ್ಲಿ ಅದು ಸಾರ್ವಜನಿಕರ ಬಳಕೆಗೆ ಬಂದಾಗ ಪ್ರೋ ಎಂಬ ಪರವಾನಗಿಗೆ ತಲೆಯೊಂದಕ್ಕೆ ತಿಂಗಳಿಗೆ ಸುಮಾರು ೧೦ ಡಾಲರ್ ಬೆಲೆಯಿತ್ತು. ೨೦೧೭ರಲ್ಲಿ ಪ್ರೀಮಿಯಂ ಎಂಬ ಹೆಸರಿನಲ್ಲಿ ಸಾಮರ್ಥ್ಯದ ಪರವಾನಗಿಯು ಬಂದಿತು. ಅದರಲ್ಲಿ ಮೊದಲನೆಯ ಗಾತ್ರದ ಬೆಲೆ ತಿಂಗಳಿಗೆ ೪,೯೯೫ ಡಾಲರ್. ಆಗ ಲೆಕ್ಕವು ಬಾಯಿಪಾಠದಂತೆ ಸುಲಭವಾಗಿತ್ತು: ಐದು ಸಾವಿರವನ್ನು ಹತ್ತರಿಂದ ಭಾಗಿಸಿದರೆ ಐನೂರು. ನೋಡುವವರು ಐನೂರಕ್ಕಿಂತ ಹೆಚ್ಚಾದರೆ ಸಾಮರ್ಥ್ಯ, ಕಡಿಮೆಯಾದರೆ ತಲೆ.

ಆ ಸುಲಭ ಸೂತ್ರವು ಇಂದು ಹಳೆಯದಾಗಿದೆ. ೨೦೨೫ರ ಏಪ್ರಿಲ್ ೧ರಿಂದ ಪ್ರೋ ಪರವಾನಗಿಯ ದರವು ೧೪ ಡಾಲರಿಗೆ ಏರಿತು. ಅತ್ತ ೨೦೨೩ರ ನವೆಂಬರಿನಲ್ಲಿ ಫ್ಯಾಬ್ರಿಕ್ ಎಂಬ ವಿಸ್ತಾರವಾದ ವ್ಯವಸ್ಥೆ ಬಳಕೆಗೆ ಬಂದಿತು. ಹಳೆಯ ಪ್ರೀಮಿಯಂ ಗಾತ್ರಗಳನ್ನು ಹೊಸದಾಗಿ ಮಾರುವುದು ೨೦೨೪ರಲ್ಲಿ ನಿಂತು, ಅವುಗಳ ಸ್ಥಾನಕ್ಕೆ ಫ್ಯಾಬ್ರಿಕ್ಕಿನ ಗಾತ್ರಗಳು ಬಂದವು. ಇವು ಎಫ್ ೨, ಎಫ್ ೪, ಎಫ್ ೮ ಎಂದು ಪ್ರತಿ ಮೆಟ್ಟಿಲಿಗೂ ಎರಡರಷ್ಟಾಗುತ್ತ ಹೋಗುತ್ತವೆ. ಹೆಸರಿನ ಮುಂದಿನ ಅಂಕಿಯೇ ಅದರಲ್ಲಿರುವ ಸಾಮರ್ಥ್ಯದ ಘಟಕಗಳ ಸಂಖ್ಯೆ. ಹಳೆಯ ಮೊದಲನೆಯ ಗಾತ್ರಕ್ಕೆ ಸಮನಾದುದು ಎಫ್ ೬೪. ಅಮೆರಿಕದ ದರದಂತೆ ಒಂದು ಘಟಕಕ್ಕೆ ಗಂಟೆಗೆ ೦.೧೮ ಡಾಲರ್, ಆದುದರಿಂದ ಎಫ್ ೬೪ಕ್ಕೆ ಗಂಟೆಗೆ ೧೧.೫೨ ಡಾಲರ್, ೭೩೦ ಗಂಟೆಗಳ ತಿಂಗಳಿಗೆ ಸುಮಾರು ೮,೪೧೦ ಡಾಲರ್. ಒಂದು ವರ್ಷ ಬಿಡದೆ ಇಟ್ಟುಕೊಳ್ಳುತ್ತೇವೆಂದು ಮೊದಲೇ ಒಪ್ಪಿಕೊಂಡರೆ ಶೇಕಡಾ ೪೦ರಷ್ಟು ಇಳಿದು ತಿಂಗಳಿಗೆ ಸುಮಾರು ೫,೦೦೩ ಡಾಲರಾಗುತ್ತದೆ. ದೇಶಕ್ಕೂ ಕಾಲಕ್ಕೂ ತಕ್ಕಂತೆ ಈ ಅಂಕಿಗಳು ಬದಲಾಗುವುದು ಸಹಜ. ವಾಚಕರು ಗಮನಿಸಬೇಕಾದುದು ಲೆಕ್ಕದ ಕ್ರಮವನ್ನು.

ನಮ್ಮ ಬಟ್ಟೆಯ ವ್ಯಾಪಾರಿಯ ಸಂಸ್ಥೆಯಲ್ಲಿ ವರದಿಗಳನ್ನು ತಯಾರಿಸುವವರು ೨೦ ಮಂದಿ, ಅವನ್ನು ಕೇವಲ ನೋಡುವವರು ೪೦೦ ಮಂದಿ ಎಂದಿಟ್ಟುಕೊಳ್ಳೋಣ. ಪ್ರೋ ಪದ್ಧತಿಯಲ್ಲಿ ತಯಾರಿಸುವವರಿಗೆ ಮಾತ್ರವಲ್ಲದೆ ನೋಡುವವರಿಗೂ ಪರವಾನಗಿ ಬೇಕು. ಆದುದರಿಂದ ೪೨೦ ತಲೆಗಳಿಗೆ ೧೪ರಂತೆ ೫,೮೮೦ ಡಾಲರ್. ಎಫ್ ೬೪ ಕೊಂಡರೆ ನೋಡುವವರಿಗೆ ಪ್ರತ್ಯೇಕ ಹಣವಿಲ್ಲ. ಉಚಿತ ಪರವಾನಗಿಯಿದ್ದರೆ ಸಾಕು. ಆದರೆ ತಯಾರಿಸಿ ಪ್ರಕಟಿಸುವವರಿಗೆ ಆಗಲೂ ಪ್ರೋ ಬೇಕೇ ಬೇಕು. ಆದುದರಿಂದ ೫,೦೦೩ರ ಜೊತೆಗೆ ೨೦ ಮಂದಿಯ ೨೮೦ ಸೇರಿ ೫,೨೮೩ ಡಾಲರ್. ಸಾಮರ್ಥ್ಯದ ಲೆಕ್ಕವೇ ಅಗ್ಗವಾಯಿತು. ನೋಡುವವರು ೩೦೦ ಮಂದಿಯಷ್ಟೇ ಆದರೆ? ತಲೆಲೆಕ್ಕದಲ್ಲಿ ೪,೪೮೦ ಡಾಲರ್. ಸಾಮರ್ಥ್ಯದ ವೆಚ್ಚವು ಮೊದಲಿನಂತೆಯೇ ೫,೨೮೩. ಈಗ ತಲೆಲೆಕ್ಕವೇ ಅಗ್ಗ.

ಇಲ್ಲಿ ಒಂದು ಸ್ವಾರಸ್ಯವಿದೆ. ತಯಾರಿಸುವವರ ೨೮೦ ಡಾಲರ್ ಎರಡು ಕಡೆಯೂ ಇರುವುದರಿಂದ ತಕ್ಕಡಿಯ ಎರಡು ತಟ್ಟೆಗಳಿಂದಲೂ ಅದನ್ನು ತೆಗೆದುಬಿಡಬಹುದು. ಹೋಲಿಕೆಗೆ ಉಳಿಯುವುದು ಕೇವಲ ನೋಡುವವರ ಸಂಖ್ಯೆ. ೫,೦೦೩ನ್ನು ೧೪ರಿಂದ ಭಾಗಿಸಿದರೆ ಸುಮಾರು ೩೫೭. ಎರಡು ದಾರಿಗಳೂ ಸಮನಾಗುವ ಸ್ಥಳವಿದು. ತಲೆಯೊಂದರ ಬೆಲೆ ಹೆಚ್ಚಾದಷ್ಟೂ ಈ ಗಡಿಯು ಕೆಳಕ್ಕೆ ಇಳಿಯುತ್ತದೆ. ಐನೂರರಿಂದ ೩೫೭ಕ್ಕೆ ಇಳಿದುದು ಹೀಗೆಯೇ.

ದೊಡ್ಡ ದತ್ತಾಂಶವುಳ್ಳವರಿಗೆ ಮಧ್ಯದ ದಾರಿಯೊಂದು ಉಂಟು. ಪ್ರೋ ಪದ್ಧತಿಯಲ್ಲಿ ಒಂದು ದತ್ತಾಂಶ ಮಾದರಿಯು ೧ ಗಿಗಾಬೈಟನ್ನು ಮೀರುವಂತಿಲ್ಲ. ದಿನಕ್ಕೆ ಎಂಟು ಸಲಕ್ಕಿಂತ ಹೆಚ್ಚಾಗಿ ಅದನ್ನು ಹೊಸದು ಮಾಡಲು ವೇಳಾಪಟ್ಟಿ ಹಾಕುವಂತಿಲ್ಲ. ೨೦೨೧ರಲ್ಲಿ ಬಂದ, ತಲೆಗೆ ೨೪ ಡಾಲರ್ ಬೆಲೆಯ ಪ್ರೀಮಿಯಂ ಪರವಾನಗಿಯಲ್ಲಿ ಈ ಮಿತಿಗಳು ೧೦೦ ಗಿಗಾಬೈಟಿಗೂ ೪೮ ಸಲಕ್ಕೂ ಏರುತ್ತವೆ. ಎಫ್ ೬೪ರಲ್ಲಿಯಾದರೋ ಮಾದರಿಯ ಮಿತಿ ೨೫ ಗಿಗಾಬೈಟ್ ಮಾತ್ರ. ಆದುದರಿಂದ ಬಹಳ ದೊಡ್ಡ ಮಾದರಿಯನ್ನು ಕೆಲವೇ ಮಂದಿ ನೋಡುವ ಕಡೆ ಈ ಮಧ್ಯದ ದಾರಿಯೇ ಒಳ್ಳೆಯದು. ಆದರೆ ಅಲ್ಲಿ ನೋಡುವ ಪ್ರತಿಯೊಬ್ಬನಿಗೂ ೨೪ ಡಾಲರಿನ ಪರವಾನಗಿಯೇ ಬೇಕಾಗುವುದರಿಂದ, ನಮ್ಮ ಉದಾಹರಣೆಯಲ್ಲಿ ನೋಡುವವರು ಇನ್ನೂರನ್ನು ದಾಟಿದೊಡನೆ ಸಾಮರ್ಥ್ಯವೇ ಅಗ್ಗವಾಗುತ್ತದೆ.

ಪವರ್ ಬಿಐ ಒಂದೇ ಹೀಗಿದೆಯೆಂದಲ್ಲ. ಟ್ಯಾಬ್ಲೋ ಎಂಬ ಇನ್ನೊಂದು ಪ್ರಸಿದ್ಧ ತಂತ್ರಾಂಶವು ೨೦೧೮ರಿಂದ ತಲೆಗಳನ್ನೇ ತಯಾರಿಸುವವರು, ಕೆದಕಿ ನೋಡುವವರು, ಬರಿಯ ನೋಡುವವರು ಎಂದು ಮೂರು ದರ್ಜೆಗಳಾಗಿ ವಿಂಗಡಿಸಿ ಬೇರೆ ಬೇರೆ ದರಗಳನ್ನು ಇಟ್ಟಿತು. ಹೆಸರುಗಳು ಬದಲಾದರೂ ಪ್ರಶ್ನೆ ಬದಲಾಗುವುದಿಲ್ಲ.

ಸಾಮರ್ಥ್ಯವೆಂದರೆ ನಿಜವಾಗಿ ಏನು?

ಇಷ್ಟಕ್ಕೇ ನಿಲ್ಲಿಸಿದರೆ, ೩೫೭ರ ಆಚೆಗೆ ಎಷ್ಟು ಮಂದಿಯನ್ನು ಸೇರಿಸಿದರೂ ಖರ್ಚಿಲ್ಲವೆಂಬ ಭ್ರಮೆಯುಂಟಾಗುತ್ತದೆ. ಹಣದ ಲೆಕ್ಕದಲ್ಲಿ ಅದು ನಿಜ. ಯಂತ್ರದ ಲೆಕ್ಕದಲ್ಲಿ ನಿಜವಲ್ಲ. ಒಲೆಯ ಬಾಡಿಗೆ ಕೊಟ್ಟ ಮಾತ್ರಕ್ಕೆ ಅದರ ಬೆಂಕಿ ಮಿತಿಯಿಲ್ಲದುದಾಗುವುದಿಲ್ಲ.

ಫ್ಯಾಬ್ರಿಕ್ ವ್ಯವಸ್ಥೆಯು ಕಾಲವನ್ನು ಮೂವತ್ತು ಸೆಕೆಂಡುಗಳ ಚೂರುಗಳಾಗಿ ಕತ್ತರಿಸಿ ಲೆಕ್ಕವಿಡುತ್ತದೆ. ಎಫ್ ೬೪ರಲ್ಲಿ ೬೪ ಘಟಕಗಳು. ಮೂವತ್ತು ಸೆಕೆಂಡುಗಳಲ್ಲಿ ಅವು ಮಾಡಬಲ್ಲ ಕೆಲಸ ೬೪ನ್ನು ೩೦ರಿಂದ ಗುಣಿಸಿದಷ್ಟು, ಅಂದರೆ ೧,೯೨೦ ಘಟಕ-ಸೆಕೆಂಡುಗಳು. ದಿನಕ್ಕೆ ಇಂತಹ ೨,೮೮೦ ಚೂರುಗಳು. ಇಡೀ ದಿನದ ದುಡಿಮೆಯ ಗರಿಷ್ಠ ಮೊತ್ತ ೫೫,೨೯,೬೦೦. ಮೀರಲಾಗದ ಪಾತ್ರೆಯಿದು.

ಕೆಲಸಗಳಲ್ಲಿ ಎರಡು ಜಾತಿ. ರಾತ್ರಿಯ ಹೊತ್ತು ಎಲ್ಲ ಅಂಗಡಿಗಳ ಲೆಕ್ಕವನ್ನು ತಂದು ಮಾದರಿಯನ್ನು ಹೊಸದು ಮಾಡುವಂತಹುದು ಹಿನ್ನೆಲೆಯ ಕೆಲಸ. ಯಾರೂ ಅದಕ್ಕಾಗಿ ಪರದೆಯ ಮುಂದೆ ಕಾಯುತ್ತ ಕುಳಿತಿರುವುದಿಲ್ಲ. ಅಂಗಡಿಯ ವ್ಯವಸ್ಥಾಪಕನು ಪರದೆಯ ಮೇಲೆ ಒತ್ತಿ ಉತ್ತರಕ್ಕಾಗಿ ಕಾಯುವುದು ಎದುರಿನ ಕೆಲಸ. ಹಿನ್ನೆಲೆಯ ಕೆಲಸವು ಎಷ್ಟು ಬೇಗನೆ ಮುಗಿದರೂ ಅದರ ಭಾರವನ್ನು ಮುಂದಿನ ಇಪ್ಪತ್ತನಾಲ್ಕು ಗಂಟೆಗಳ ಎಲ್ಲ ಚೂರುಗಳ ಮೇಲೂ ಸಮನಾಗಿ ಹರಡಲಾಗುತ್ತದೆ. ಎದುರಿನ ಕೆಲಸದ ಭಾರವನ್ನು ಕನಿಷ್ಠ ಐದು ನಿಮಿಷಗಳ ಮೇಲೆ, ಹೆಚ್ಚೆಂದರೆ ಅರುವತ್ತನಾಲ್ಕು ನಿಮಿಷಗಳ ಮೇಲೆ ಹರಡಲಾಗುತ್ತದೆ. ಇದರಿಂದ ಕ್ಷಣಿಕವಾದ ಏರುಪೇರುಗಳು ತೊಂದರೆ ಕೊಡುವುದಿಲ್ಲ.

ಒಂದು ಹಿನ್ನೆಲೆಯ ಕೆಲಸಕ್ಕೆ ೨,೮೮,೦೦೦ ಘಟಕ-ಸೆಕೆಂಡುಗಳು ಬೇಕೆನ್ನೋಣ. ದಿನವಿಡೀ ಹರಡಿದರೆ ಪ್ರತಿ ಚೂರಿಗೆ ೧೦೦. ಪಾತ್ರೆಯ ಶೇಕಡಾ ಐದು ಭಾಗವಷ್ಟೇ, ಚಿಂತೆಯಿಲ್ಲ. ಆದರೆ ಇಂತಹ ಹತ್ತೊಂಬತ್ತು ಕೆಲಸಗಳಾದರೆ ೧,೯೦೦ ಆಗಿ ಪಾತ್ರೆಯು ತುಂಬಿಯೇಹೋಯಿತು. ನೋಡುವವರಿಗೆ ಉಳಿದುದು ಇಪ್ಪತ್ತು. ಇನ್ನು ಎದುರಿನ ಒಂದು ಭಾರಿ ಪ್ರಶ್ನೆಗೆ ೬೦೦ ಘಟಕ-ಸೆಕೆಂಡುಗಳು ತಗಲಿ, ಅದು ಐದು ನಿಮಿಷಕ್ಕೆ ಹರಡಿತೆಂದುಕೊಳ್ಳೋಣ. ಪ್ರತಿ ಚೂರಿಗೆ ೬೦. ಪಾತ್ರೆ ಬರಿದಾಗಿದ್ದರೆ ಅಂತಹ ೩೨ ಪ್ರಶ್ನೆಗಳು ಒಟ್ಟಿಗೆ ಹಿಡಿಸುತ್ತವೆ. ಹಿನ್ನೆಲೆಯ ಕೆಲಸವು ಅರ್ಧ ಪಾತ್ರೆಯನ್ನು ಆಕ್ರಮಿಸಿದ್ದರೆ ಹಿಡಿಸುವುದು ಹದಿನಾರೇ. ನಾನೂರು ಮಂದಿಯ ಸಂಸ್ಥೆಯಲ್ಲಿ ಹದಿನೇಳನೆಯವನು ಒತ್ತಿದೊಡನೆ ಪಾತ್ರೆಯು ಉಕ್ಕಲು ತೊಡಗುತ್ತದೆ.

ಉಕ್ಕಿದರೆ ಏನಾಗುವುದು? ಮೀರಿದ ಕೆಲಸವನ್ನು ಮುಂದಿನ ಕಾಲದಿಂದ ಕಡ ಪಡೆದಂತೆ ಲೆಕ್ಕವಿಡಲಾಗುತ್ತದೆ. ಕಡವು ಹತ್ತು ನಿಮಿಷದ ದುಡಿಮೆಯಷ್ಟರೊಳಗೆ ಇದ್ದರೆ ಯಾರಿಗೂ ತಿಳಿಯುವುದೇ ಇಲ್ಲ. ಹತ್ತು ನಿಮಿಷವನ್ನು ಮೀರಿದರೆ ಎದುರಿನ ಪ್ರತಿಯೊಂದು ಹೊಸ ಪ್ರಶ್ನೆಯನ್ನೂ ಇಪ್ಪತ್ತು ಸೆಕೆಂಡು ತಡೆದು ನಿಲ್ಲಿಸಲಾಗುತ್ತದೆ. ಒಂದು ಗಂಟೆಯನ್ನು ಮೀರಿದರೆ ಎದುರಿನ ಪ್ರಶ್ನೆಗಳನ್ನು ತಿರಸ್ಕರಿಸಲಾಗುತ್ತದೆ. ಒಂದು ದಿನವನ್ನೇ ಮೀರಿದರೆ ಹಿನ್ನೆಲೆಯ ಕೆಲಸಗಳಿಗೂ ಬಾಗಿಲು ಮುಚ್ಚುತ್ತದೆ. ಒಬ್ಬನ ಅಜಾಗರೂಕತೆಯಿಂದ ಎಲ್ಲರ ಪರದೆಗಳೂ ನಿಂತುಹೋಗಬಹುದೆಂಬುದು ಇದರಿಂದ ಸ್ಪಷ್ಟ. ತಲೆಲೆಕ್ಕದಲ್ಲಿ ಈ ಭಾರವನ್ನು ಹೊರುವ ಯಂತ್ರಗಳು ಮಾರುವ ಸಂಸ್ಥೆಯವು, ಅವುಗಳ ಚಿಂತೆಯೂ ಅದರದೇ. ಸಾಮರ್ಥ್ಯದ ಲೆಕ್ಕದಲ್ಲಿ ಆ ಚಿಂತೆಯು ಕೊಂಡವನ ಹೆಗಲಿಗೆ ಬರುತ್ತದೆ.

ಮೊದಲನೆಯ ಪಂಕ್ತಿಯ ಸಮಸ್ಯೆ

ಹಾಗಾದರೆ ಎಷ್ಟು ಸಾಮರ್ಥ್ಯ ಬೇಕೆಂಬುದನ್ನು ಹೇಗೆ ತಿಳಿಯುವುದು? ನೂರು ವರ್ಷಗಳಿಗೂ ಹಿಂದೆ ಟೆಲಿಫೋನಿನವರನ್ನು ಕಾಡಿದ ಪ್ರಶ್ನೆಯೂ ಇದೇ. ಒಂದು ಊರಿನಲ್ಲಿ ಸಾವಿರ ಟೆಲಿಫೋನುಗಳಿದ್ದರೆ ಮುಂದಿನ ಊರಿಗೆ ಸಾವಿರ ತಂತಿಗಳನ್ನು ಎಳೆಯಬೇಕಾಗಿಲ್ಲ; ಎಲ್ಲರೂ ಒಂದೇ ಕಾಲದಲ್ಲಿ ಮಾತನಾಡುವುದಿಲ್ಲ. ಆದರೆ ಎಷ್ಟು ತಂತಿಗಳು ಸಾಕು? ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿದ್ದ ಡೆನ್ಮಾರ್ಕಿನ ಗಣಿತಜ್ಞ ಆಗ್ನರ್ ಕ್ರಾರುಪ್ ಎರ್ಲಾಂಗ್ ೧೯೦೯ರಲ್ಲಿ ಈ ವಿಷಯದ ಮೇಲೆ ತಮ್ಮ ಮೊದಲ ಲೇಖನವನ್ನು ಪ್ರಕಟಿಸಿದರು. ೧೯೧೭ರಲ್ಲಿ ತಂತಿಗಳೆಲ್ಲ ತುಂಬಿರುವ ಸಂಭವವೆಷ್ಟೆಂಬುದನ್ನು ತಿಳಿಸುವ ಸೂತ್ರವನ್ನು ಕೊಟ್ಟರು. ಟೆಲಿಫೋನ್ ದಟ್ಟಣೆಯ ಅಳತೆಗೆ ಇಂದಿಗೂ ಅವರ ಹೆಸರೇ ಇದೆ.

ಅವರ ವಿಚಾರದ ತಿರುಳನ್ನು ಸರಳವಾದ ಗುಣಾಕಾರದಿಂದ ತಿಳಿಯಬಹುದು. ನಮ್ಮ ನಾನೂರು ಮಂದಿಯಲ್ಲಿ ಒಬ್ಬೊಬ್ಬನು ದಿನಕ್ಕೆ ಹತ್ತು ಪ್ರಶ್ನೆಗಳನ್ನು ಹಾಕುತ್ತಾನೆ, ಪ್ರತಿಯೊಂದಕ್ಕೂ ಮೂರು ಸೆಕೆಂಡು ಹಿಡಿಯುತ್ತದೆ ಎನ್ನೋಣ. ಒಟ್ಟು ೧೨,೦೦೦ ಸೆಕೆಂಡುಗಳ ಕೆಲಸ. ಇದು ಎಂಟು ಗಂಟೆಗಳ, ಅಂದರೆ ೨೮,೮೦೦ ಸೆಕೆಂಡುಗಳ ದಿನದಲ್ಲಿ ಹರಡಿಕೊಂಡರೆ, ಯಾವುದೇ ಕ್ಷಣದಲ್ಲಿ ನಡೆಯುತ್ತಿರುವ ಪ್ರಶ್ನೆಗಳು ಸರಾಸರಿ ೦.೪೨, ಯಂತ್ರವು ಅರ್ಧಕ್ಕಿಂತ ಹೆಚ್ಚು ಹೊತ್ತು ಸುಮ್ಮನೆ ಕುಳಿತಿರುತ್ತದೆ. ಆದರೆ ಅದೇ ನಾನೂರು ಮಂದಿಗೆ ಸೋಮವಾರ ಬೆಳಿಗ್ಗೆ ಸಭೆಯುಂಟೆಂದು ಎಲ್ಲರೂ ಹತ್ತು ನಿಮಿಷಗಳೊಳಗೆ ಆ ಪ್ರಶ್ನೆಗಳನ್ನೆಲ್ಲ ಹಾಕಿದರೆ, ೧೨,೦೦೦ವನ್ನು ೬೦೦ರಿಂದ ಭಾಗಿಸಬೇಕು, ಏಕಕಾಲಕ್ಕೆ ಇಪ್ಪತ್ತು. ಜನ ಅಷ್ಟೇ, ಕೆಲಸ ಅಷ್ಟೇ. ಒತ್ತಡ ಮಾತ್ರ ನಲವತ್ತೆಂಟು ಪಟ್ಟು. ಮದುವೆಯ ಮನೆಯಲ್ಲಿ ಮೊದಲನೆಯ ಪಂಕ್ತಿಗೆ ಎಲ್ಲರೂ ನುಗ್ಗಿದಂತೆಯೇ ಇದು.

ಆದುದರಿಂದ ಸಾಮರ್ಥ್ಯವನ್ನು ಕೊಳ್ಳುವವನು ಎಷ್ಟು ಜನವೆಂದು ಕೇಳಿದರೆ ಸಾಲದು. ಎಷ್ಟು ಜನ ಒಟ್ಟಿಗೆ, ಯಾವ ಹೊತ್ತಿನಲ್ಲಿ, ಎಂತಹ ಪ್ರಶ್ನೆಯನ್ನು ಹಾಕುವರೆಂದು ಕೇಳಬೇಕು. ಪ್ರಶ್ನೆಯ ತೂಕವನ್ನು ಇಳಿಸುವುದು ಬಹಳ ಮಟ್ಟಿಗೆ ತಯಾರಿಸುವವರ ಕೈಯಲ್ಲಿದೆ. ವರದಿಯ ಒಂದು ಪುಟದಲ್ಲಿ ಇಪ್ಪತ್ತು ನಕ್ಷೆಗಳಿದ್ದರೆ, ಅದನ್ನು ತೆರೆದೊಡನೆ ಸಾಮಾನ್ಯವಾಗಿ ನಕ್ಷೆಗೊಂದರಂತೆ ಇಪ್ಪತ್ತು ಪ್ರಶ್ನೆಗಳು ಹೊರಡುತ್ತವೆ. ನಾನೂರು ಮಂದಿ ತೆರೆದರೆ ಎಂಟು ಸಾವಿರ. ನಿಜವಾಗಿ ಬೇಕಾದ ಆರು ನಕ್ಷೆಗಳನ್ನಷ್ಟೇ ಇಟ್ಟರೆ ಎರಡು ಸಾವಿರದ ನಾನೂರು. ಯಂತ್ರವನ್ನು ಹಿರಿದು ಮಾಡುವ ಮೊದಲು ವರದಿಯನ್ನು ಕಿರಿದು ಮಾಡಿ ನೋಡುವುದು ವಿವೇಕ. ಏಕೆಂದರೆ ಎಫ್ ೬೪ರ ಮೇಲಿನ ಮೆಟ್ಟಿಲು ಎಫ್ ೧೨೮, ಅದರ ಬೆಲೆಯೂ ಎರಡರಷ್ಟು. ತಲೆಲೆಕ್ಕದ ವೆಚ್ಚವು ಇಳಿಜಾರಿನಂತೆ ಸ್ವಲ್ಪಸ್ವಲ್ಪವಾಗಿ ಏರುತ್ತದೆ. ಸಾಮರ್ಥ್ಯದ ವೆಚ್ಚವು ಎತ್ತರದ ಮೆಟ್ಟಿಲುಗಳಂತೆ ಏರುತ್ತದೆ.

ಎಡವುವ ಸ್ಥಳಗಳು

ಕೊಳ್ಳುವವರು ಸಾಮಾನ್ಯವಾಗಿ ಎಡವುವ ಮೂರು ಸ್ಥಳಗಳನ್ನು ಇಲ್ಲಿ ಹೇಳಬಹುದು. ಮೊದಲನೆಯದು, ಚಿಕ್ಕ ಗಾತ್ರದ ಮೋಹ. ಎಫ್ ೩೨ರ ಬೆಲೆಯು ಎಫ್ ೬೪ರ ಅರ್ಧ. ನಮಗೆ ಅಷ್ಟೇ ಸಾಕೆಂದು ಕೊಂಡವರಿಗೆ ನಿರಾಶೆ ಕಾದಿರುತ್ತದೆ. ನೋಡುವವರಿಗೆ ಉಚಿತ ಪ್ರವೇಶ ದೊರೆಯುವುದು ಎಫ್ ೬೪ ಮತ್ತು ಅದಕ್ಕಿಂತ ದೊಡ್ಡ ಗಾತ್ರಗಳಲ್ಲಿ ಮಾತ್ರ. ಅದರ ಕೆಳಗೆ ಒಲೆಯ ಬಾಡಿಗೆಯನ್ನೂ ಕೊಡಬೇಕು, ಎಲೆಗಳನ್ನೂ ಎಣಿಸಬೇಕು.

ಎರಡನೆಯದು, ಗಂಟೆಯ ಲೆಕ್ಕದ ಪ್ರಲೋಭನೆ. ಗಂಟೆಗೆ ಇಷ್ಟೆಂದು ಕೊಂಡ ಸಾಮರ್ಥ್ಯವನ್ನು ಬೇಡವಾದಾಗ ನಿಲ್ಲಿಸಬಹುದು. ತಿಂಗಳಿಗೆ ೨೬ ದಿನ, ದಿನಕ್ಕೆ ೧೨ ಗಂಟೆ ನಡೆಸಿದರೆ ೩೧೨ ಗಂಟೆಗಳಿಗೆ ಸುಮಾರು ೩,೫೯೪ ಡಾಲರ್. ವರ್ಷದ ಒಪ್ಪಂದಕ್ಕಿಂತಲೂ ಅಗ್ಗ. ತಿಂಗಳಿಗೆ ಸುಮಾರು ೪೩೪ ಗಂಟೆಗಳವರೆಗೆ ಈ ದಾರಿಯೇ ಲಾಭ. ಆದರೆ ನಿಲ್ಲಿಸಿದ ಹೊತ್ತಿನಲ್ಲಿ ವರದಿಗಳು ಯಾರಿಗೂ ತೆರೆಯುವುದಿಲ್ಲ; ಹಿನ್ನೆಲೆಯ ಕೆಲಸವನ್ನು ರಾತ್ರಿ ಮಾಡುವಂತೆಯೂ ಇಲ್ಲ. ಅಲ್ಲದೆ ಮುಂದಿನ ಗಂಟೆಗಳ ಮೇಲೆ ಹರಡಿದ್ದ ಭಾರವನ್ನೆಲ್ಲ ನಿಲ್ಲಿಸುವ ಕ್ಷಣದಲ್ಲಿ ಒಟ್ಟುಗೂಡಿಸಿ ಬಿಲ್ಲಿಗೆ ಸೇರಿಸಲಾಗುತ್ತದೆ.

ಮೂರನೆಯದು, ಈಗಾಗಲೇ ಕೈಯಲ್ಲಿರುವುದನ್ನು ಮರೆಯುವುದು. ಮೈಕ್ರೋಸಾಫ್ಟ್ ೩೬೫ರ ಇ೫ ಎಂಬ ಮೇಲ್ದರ್ಜೆಯ ಪರವಾನಗಿಯಲ್ಲಿ ಪ್ರೋ ಅಡಕವಾಗಿದೆ. ಬೇರೆ ಕಾರಣಕ್ಕಾಗಿ ಅದನ್ನು ಕೊಂಡಿರುವ ಸಂಸ್ಥೆಯು ತಲೆಗಳಿಗೆ ಆಗಲೇ ಹಣ ತೆತ್ತಿದೆ. ಮೇಲಿನ ೩೫೭ನ್ನು ಎಣಿಸುವಾಗ ಅಂತಹವರನ್ನು ಬಿಟ್ಟು ಉಳಿದ ನೋಡುಗರನ್ನಷ್ಟೇ ಎಣಿಸಬೇಕು.

ಯಾರು ನೋಡುವರು?

ಇನ್ನು ಹಣಕ್ಕಿಂತ ಮಿಗಿಲಾದ ಮಾತಿಗೆ ಬರೋಣ. ತಲೆಲೆಕ್ಕದಲ್ಲಿ ಪರವಾನಗಿಯು ಹೆಸರಿಗೆ ಅಂಟಿಕೊಂಡಿರುತ್ತದೆ. ತಿಂಗಳಿಗೆ ಒಂದೇ ಸಲ ನೋಡುವವನಿಗೂ ಹದಿನಾಲ್ಕು ಡಾಲರೇ, ದಿನವಿಡೀ ನೋಡುವವನಿಗೂ ಹದಿನಾಲ್ಕೇ. ಖರ್ಚನ್ನು ಇಳಿಸಬೇಕೆಂದು ಮೇಲಿನವರು ಹೊರಟಾಗ ಪಟ್ಟಿಯಿಂದ ಮೊದಲು ಹೊಡೆದುಹಾಕುವುದು ಯಾರ ಹೆಸರನ್ನು? ಅಪರೂಪವಾಗಿ ನೋಡುವವರದನ್ನು: ದೂರದ ಊರಿನ ಅಂಗಡಿಯ ಗುಮಾಸ್ತನನ್ನು, ಉಗ್ರಾಣ ಕಾಯುವವನನ್ನು. ಆದರೆ ಯಾವ ಸೀರೆ ಗೆದ್ದಲು ಹಿಡಿಯುತ್ತಿದೆ, ಯಾವುದನ್ನು ಗಿರಾಕಿಗಳು ಕೇಳಿ ಹಿಂದಿರುಗುತ್ತಿದ್ದಾರೆ ಎಂಬುದು ತಿಳಿದಿರುವುದು ಅವರಿಗೇ. ಪರದೆಯ ಅಂಕಿಯನ್ನು ನೋಡಿ ಇದು ತಪ್ಪೆಂದು ಹೇಳಬಲ್ಲವರೂ ಅವರೇ. ಅವರನ್ನು ಹೊರಗಿಟ್ಟ ವಿಶ್ಲೇಷಣೆಯು ತನ್ನ ತಪ್ಪನ್ನು ತಾನು ಕಾಣಲಾರದು.

ಹೊರಗುಳಿದವರು ಸುಮ್ಮನಿರುವುದೂ ಇಲ್ಲ. ಯಾರೋ ಒಬ್ಬರು ಪರದೆಯ ಚಿತ್ರವನ್ನು ತೆಗೆದು ಮೊಬೈಲಿನಲ್ಲಿ ಕಳುಹಿಸುತ್ತಾರೆ. ಅದು ತಲುಪುವ ವೇಳೆಗೆ ಅಂಕಿ ಹಳತಾಗಿರುತ್ತದೆ. ಇಲ್ಲವೇ ಹತ್ತು ಮಂದಿ ಸೇರಿ ಒಬ್ಬನ ಪಾಸ್‌ವರ್ಡನ್ನು ಬಳಸುತ್ತಾರೆ. ಇದು ಒಪ್ಪಂದಕ್ಕೆ ವಿರುದ್ಧವೆಂಬುದು ಒಂದು ಮಾತು; ಇದರಿಂದಾಗುವ ಹಾನಿ ಇನ್ನೊಂದು. ನೋಡುವವನು ಯಾರೆಂಬುದನ್ನು ಗುರುತಿಸಿ, ಅವನ ಊರಿನ ಸಾಲುಗಳನ್ನಷ್ಟೇ ಅವನಿಗೆ ತೋರಿಸುವ ಏರ್ಪಾಡು ಈ ತಂತ್ರಾಂಶಗಳಲ್ಲಿ ಉಂಟು. ಹತ್ತು ಮಂದಿ ಒಂದೇ ಹೆಸರಿನಲ್ಲಿ ಒಳಹೊಕ್ಕರೆ ಆ ಕಾವಲು ವ್ಯರ್ಥವಾಗುತ್ತದೆ. ಸಾಮರ್ಥ್ಯದ ಪದ್ಧತಿಯಲ್ಲಾದರೋ ಉಚಿತ ಪರವಾನಗಿಯವನೂ ತನ್ನ ಸ್ವಂತ ಹೆಸರಿನಲ್ಲಿಯೇ ಒಳಬರುವುದರಿಂದ ಕಾವಲು ಉಳಿಯುತ್ತದೆ.

ಹಾಗೆಂದು ಸಾಮರ್ಥ್ಯವೇ ಉತ್ತಮ ಮಾರ್ಗವೆಂದು ಸಾರುವಂತಿಲ್ಲ. ಬಾಗಿಲು ಎಲ್ಲರಿಗೂ ತೆರೆದಿದ್ದು, ಒಳಗೆ ಬಂದವರೆಲ್ಲ ಇಪ್ಪತ್ತು ಸೆಕೆಂಡು ಕಾದು ಬೇಸತ್ತು ಹೋಗುವಂತಾದರೆ ಆ ತೆರೆದ ಬಾಗಿಲಿನಿಂದ ಪ್ರಯೋಜನವೇನು? ಸಾಮರ್ಥ್ಯವನ್ನು ಕೊಂಡವನು ಅದನ್ನು ದಿನದಿನವೂ ಅಳೆದು ನೋಡುವ ಒಬ್ಬ ಮೇಲ್ವಿಚಾರಕನನ್ನೂ ಇಟ್ಟುಕೊಳ್ಳಬೇಕು. ಯಾವ ವರದಿ ಎಷ್ಟು ತಿನ್ನುತ್ತಿದೆಯೆಂಬುದನ್ನು ತೋರಿಸುವ ಸಾಧನವನ್ನು ಮಾರುವವರೇ ಕೊಡುತ್ತಾರೆ; ಅದನ್ನು ಓದಬಲ್ಲವರು ಇರಬೇಕಷ್ಟೆ. ದತ್ತಾಂಶವನ್ನು ಸಿದ್ಧಪಡಿಸುವ ಭಾರಿ ಕೆಲಸವನ್ನು ಬೇರೊಂದು ಸಣ್ಣ ಸಾಮರ್ಥ್ಯಕ್ಕೆ ವರ್ಗಾಯಿಸಿ, ದೊಡ್ಡದನ್ನು ನೋಡುವವರಿಗಾಗಿ ಮೀಸಲಿಡುವುದೂ ಒಳ್ಳೆಯ ಉಪಾಯ. ಅಂತಹ ಮೇಲ್ವಿಚಾರಣೆಗೆ ಜನವಿಲ್ಲದ ಸಣ್ಣ ಸಂಸ್ಥೆಗೆ, ಕೊಂಚ ಹೆಚ್ಚು ಹಣವಾದರೂ, ತಲೆಲೆಕ್ಕವೇ ನೆಮ್ಮದಿಯ ದಾರಿ.

ಕೊಳ್ಳುವ ಮೊದಲು ಒಂದು ತಿಂಗಳ ಕಾಲ ಮೂರು ಅಂಕಿಗಳನ್ನು ಬರೆದಿಡುವುದು ಮೇಲು: ಕೇವಲ ನೋಡುವವರು ಎಷ್ಟು ಮಂದಿ, ಅತಿ ದಟ್ಟಣೆಯ ಹತ್ತು ನಿಮಿಷಗಳಲ್ಲಿ ಅವರು ಹಾಕುವ ಪ್ರಶ್ನೆಗಳೆಷ್ಟು, ಹಿನ್ನೆಲೆಯ ಕೆಲಸಗಳ ಭಾರವೆಷ್ಟು. ಇವುಗಳ ಜೊತೆಗೆ ಯಾವ ಯಂತ್ರವೂ ತಿಳಿಸದ ನಾಲ್ಕನೆಯದೊಂದನ್ನು ಕೇಳಿ ತಿಳಿಯಬೇಕು: ನೋಡಬೇಕಾಗಿದ್ದರೂ ಇಂದು ನೋಡಲಾಗದೆ ಇರುವವರು ಎಷ್ಟು ಮಂದಿ? ಎಲೆಯನ್ನು ಎಣಿಸುವ ಮೊದಲು ಕರೆಯಬೇಕಾದವರನ್ನೆಲ್ಲ ಕರೆದಿದ್ದೇವೆಯೇ ಎಂದು ಮನೆಯ ಹಿರಿಯರು ವಿಚಾರಿಸುವುದು ವಾಡಿಕೆ. ತಂತ್ರಾಂಶವನ್ನು ಕೊಳ್ಳುವವರೂ ಲೆಕ್ಕವನ್ನು ಅಲ್ಲಿಂದಲೇ ಪ್ರಾರಂಭಿಸಿದರೆ, ಎರಡು ಮಾನಗಳಲ್ಲಿ ತಮಗೆ ತಕ್ಕುದು ಯಾವುದೆಂಬುದು ತಾನಾಗಿಯೇ ಗೋಚರವಾಗುವುದು.